ಪಲ್ವಂಕರ್ ಬಾಲೂ: ದಕ್ಕಿದ ವಿಕೆಟ್, ದಕ್ಕದ ನಾಯಕತ್ವ

ಪಲ್ವಂಕರ್ ಬಾಲೂ (1876–1955) ಧಾರವಾಡದಲ್ಲಿ ಹುಟ್ಟಿ, ಪುಣೆಯಲ್ಲಿ ಆಟ ಕಲಿತು, ಮುಂಬಯಿಯಲ್ಲಿ ಹೆಸರು ಮಾಡಿದ ಎಡಗೈ ಸ್ಪಿನ್ ಬೌಲರ್. ಅಸ್ಪೃಶ್ಯವೆಂದು ದೂರವಿಡಲಾಗಿದ್ದ ಚರ್ಮಕಾರ ಸಮುದಾಯದಿಂದ ಬಂದು ಭಾರತದ ಮೊದಲ ದರ್ಜೆಯ ಕ್ರಿಕೆಟ್ಟಿನಲ್ಲಿ ನೆಲೆ ಕಂಡ ಮೊದಲಿಗರು. 33 ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್ ಪಡೆದದ್ದು ಅವರ ಅಧಿಕೃತ ಲೆಕ್ಕ. ಭಾರತ ಟೆಸ್ಟ್ ಆಡತೊಡಗಿದ್ದು 1932ರಲ್ಲಿ. ಅದಕ್ಕೂ ಮೊದಲಿನ ಕಾಲದ ಭಾರತೀಯ ಬೌಲರುಗಳಲ್ಲಿ ಇವರಿಗೆ ಸರಿಗಟ್ಟುವವರು ವಿರಳ. ಇಷ್ಟು ಹೇಳಿ ಕ್ರೀಡಾಕೋಶಗಳು ಸಾಮಾನ್ಯವಾಗಿ ಮುಂದಿನ ಹೆಸರಿಗೆ ಹೋಗುತ್ತವೆ. ಹೆಚ್ಚೆಂದರೆ 'ಪ್ರತಿಭೆಯ ಮುಂದೆ ಜಾತಿ ಸೋತಿತು' ಎಂಬ ಒಂದು ವಾಕ್ಯ ಸೇರಿಸುತ್ತವೆ. ಈ ಲೇಖನ ಆ ವಾಕ್ಯವನ್ನು ಒಪ್ಪುವುದಿಲ್ಲ. ಬಾಲೂ ಅವರ ವೃತ್ತಿಜೀವನವನ್ನು ವರ್ಷವರ್ಷವಾಗಿ ಬಿಡಿಸಿ ನೋಡಿದರೆ ಬೇರೆಯದೇ ಒಂದು ಕ್ರಮ ಕಾಣುತ್ತದೆ. ಅವರ ಕಾಲದ ಸಮಾಜ ಮೊದಲು ಅವರ ದುಡಿಮೆಯನ್ನು ಬಳಸಿಕೊಂಡಿತು, ಆಮೇಲೆ ಕೌಶಲವನ್ನು, ಅದಾದ ಮೇಲೆ ಬಹಳ ತಡವಾಗಿ ಪಂಕ್ತಿಯಲ್ಲಿ ಜಾಗ ಕೊಟ್ಟಿತು. ಅಧಿಕಾರವನ್ನು ಮಾತ್ರ ಕೊಡಲಿಲ್ಲ. ಒಬ್ಬ ಆಟಗಾರನ ಮೇಲಿನ ಬಹಿಷ್ಕಾರ ಎಂದು ಮುಗಿಯಿತು ಎಂಬುದನ್ನು ತಂಡಕ್ಕೆ ಸೇರಿದ ದಿನದಿಂದ ಎಣಿಸಬಾರದು, ನಾಯಕತ್ವ ಸಿಕ್ಕ ದಿನದಿಂದ ಎಣಿಸಬೇಕು ಎಂಬುದೇ ಇಲ್ಲಿನ ವಾದ.

ಬಾಲೂ ಅವರನ್ನು ಕನ್ನಡದ ಓದುಗರು ತಮ್ಮವರೆಂದು ಗುರುತಿಸದಿರುವುದಕ್ಕೆ ಗಡಿಗಳ ಇತಿಹಾಸವೂ ಒಂದು ಕಾರಣ. ಮನೆತನದ ಹೆಸರು ಕೊಂಕಣದ ರತ್ನಾಗಿರಿ ಕಡೆಯ ಊರಿನಿಂದ ಬಂದದ್ದು, ಮನೆಮಾತು ಮರಾಠಿ. ಧಾರವಾಡ ಆಗ ಮುಂಬಯಿ ಪ್ರಾಂತದ ಜಿಲ್ಲೆ. 1862ರಲ್ಲಿ ಮದರಾಸಿನಿಂದ ಬೇರ್ಪಟ್ಟ ಉತ್ತರ ಕನ್ನಡವೂ ಅದೇ ಪ್ರಾಂತದಲ್ಲಿತ್ತು. ಧಾರವಾಡದ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು, ಅಲ್ಲಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. ಹೊನ್ನಾವರ, ಕಾಸರಕೋಡು, ಭಟ್ಕಳದ ಮನೆಗಳಿಗೂ ಧಾರವಾಡದ ಮನೆಗಳಿಗೂ ಓದು, ನೌಕರಿ, ವ್ಯಾಪಾರ ಎಲ್ಲಕ್ಕೂ ದೊಡ್ಡ ಊರೆಂದರೆ ಮುಂಬಯಿಯೇ ಆಗಿತ್ತು. ಬಾಲೂ ತೀರಿಕೊಂಡದ್ದು 1955ರ ಜುಲೈನಲ್ಲಿ. ಧಾರವಾಡವೂ ಉತ್ತರ ಕನ್ನಡವೂ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರಿನಲ್ಲಿ. ಹೀಗಾಗಿ ಅವರು ಮರಾಠಿ ಕ್ರೀಡಾ ಇತಿಹಾಸದಲ್ಲಿ ಉಳಿದರು. ನಮ್ಮ ರಾಜ್ಯದ ಕ್ರಿಕೆಟ್ಟಿನ ಕಥೆ ಬೆಂಗಳೂರಿನಿಂದ ಶುರುವಾಗುವುದರಿಂದ ಅದರೊಳಗೆ ಅವರಿಗೆ ಜಾಗವೇ ಸಿಗಲಿಲ್ಲ.

ತಂದೆ ಸೈನ್ಯದ ನೌಕರಿಯಲ್ಲಿದ್ದುದರಿಂದ ಕುಟುಂಬ ಪುಣೆಗೆ ಬಂತು. ಬಾಲೂ, ತಮ್ಮಂದಿರಾದ ಶಿವರಾಂ, ವಿಠಲ್, ಗಣಪತ್ ನಾಲ್ವರೂ ಮುಂದೆ ಒಳ್ಳೆಯ ಆಟಗಾರರಾದರು. ಅಧಿಕಾರಿಗಳು ಆಡಿ ಬಿಟ್ಟ ಬ್ಯಾಟು ಚೆಂಡುಗಳಲ್ಲಿ ಆಟ ಕಲಿತದ್ದು ದಂಡಿನ ಪ್ರದೇಶದಲ್ಲಿ. ಬಾಲೂ ಅವರ ಮೊದಲ ಸಂಬಳದ ಕೆಲಸ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನ ಅಂಗಳ ಗುಡಿಸಿ ಪಿಚ್ಚಿಗೆ ರೋಲರ್ ಎಳೆಯುವುದು, ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಬಂದಾಗ ಅದು 4 ರೂಪಾಯಿ ಆಯಿತು. ರೋಲರ್ ಎಳೆಯುವುದು, ಗೆರೆ ಹಾಕುವುದು, ನೆಟ್ ಕಟ್ಟುವುದು ಇವೆಲ್ಲ ಕೆಲಸದ ಭಾಗ. ಒಂದು ದಿನ ನೆಟ್ಸಿನಲ್ಲಿ ಬೌಲಿಂಗ್ ಮಾಡೆಂದು ಅಲ್ಲಿನ ಒಬ್ಬ ಆಟಗಾರ ಕರೆದದ್ದೇ ಆರಂಭ. ಆ ಕ್ಲಬ್ಬಿನ ದೊಡ್ಡ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಗ್ರೆಗ್ ಎಲ್ಲರಿಗಿಂತ ಒಂದು ತಾಸು ಮೊದಲೇ ಬಂದು ಬಾಲೂ ಎದುರು ಅಭ್ಯಾಸ ಮಾಡುತ್ತಿದ್ದರೆಂದೂ, ತಾನು ಔಟಾದ ಪ್ರತಿ ಸಲಕ್ಕೂ ಎಂಟಾಣೆ ಕೊಡುತ್ತಿದ್ದರೆಂದೂ ಪ್ರತೀತಿ. ಈ ಕಥೆಗೆ ಕಾಲಾಂತರದಲ್ಲಿ ಸ್ವಲ್ಪ ಬಣ್ಣ ಬಂದಿರಬಹುದು, ಆದರೂ ಅದರೊಳಗಿನ ಲೆಕ್ಕ ಗಮನಿಸುವಂಥದ್ದು. ತಿಂಗಳೆಲ್ಲ ರೋಲರ್ ಎಳೆದರೆ 4 ರೂಪಾಯಿ. ಗ್ರೆಗ್‌ರನ್ನು ಎಂಟು ಸಲ ಔಟ್ ಮಾಡಿದರೂ ಅಷ್ಟೇ ದುಡ್ಡು. ಚೆಂಡಿನ ಮೇಲಿನ ಹಿಡಿತ ಒಬ್ಬ ಹುಡುಗನ ಹೊಟ್ಟೆಪಾಡಿನ ದಾರಿಯಾದದ್ದು ಹೀಗೆ.

ಈ ನೆಟ್ಸ್ ದೃಶ್ಯದಲ್ಲಿ ಇನ್ನೊಂದು ಸಂಗತಿಯಿದೆ. ದಿನಗಟ್ಟಲೆ, ವರ್ಷಗಟ್ಟಲೆ ಸಾವಿರಾರು ಎಸೆತ ಹಾಕಿಸಿಕೊಂಡ ಆ ಕ್ಲಬ್ಬು ಬಾಲೂ ಕೈಗೆ ಒಮ್ಮೆಯೂ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಸಾಹೇಬರದು, ಬೌಲಿಂಗ್ ಆಳಿನದು ಎಂಬ ಭಾವನೆ ಇಂಗ್ಲೆಂಡಿನಲ್ಲಿಯೂ ಇತ್ತು. ವಸಾಹತಿನಲ್ಲಿ ಅದಕ್ಕೆ ಬಣ್ಣದ ಭೇದವೂ ಕೂಡಿಕೊಂಡಿತು. ಮೊದಲ ದರ್ಜೆಯ ಪಂದ್ಯಗಳಲ್ಲಿ ಬಾಲೂ 75 ರನ್ನಿನ ಇನಿಂಗ್ಸ್ ಆಡಿದ್ದಿದೆ, ಒಟ್ಟು 753 ರನ್ ಗಳಿಸಿದ್ದಾರೆ. ಹುಡುಗನಾಗಿದ್ದಾಗಲೇ ಬ್ಯಾಟಿಂಗ್ ಅಭ್ಯಾಸ ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂಬ ಊಹೆಗೆ ಹೋಗಬೇಕಾಗಿಲ್ಲ. ಅವರನ್ನು ಬರೀ ಬೌಲರನನ್ನಾಗಿ ಮಾಡಿದ್ದು ಒಲವಲ್ಲ, ಅವಕಾಶ ಹಂಚಿದ ರೀತಿ ಎಂಬುದಕ್ಕೆ ಇಷ್ಟು ಸಾಕು. ಕಲಿಕೆಯ ಆ ವರ್ಷಗಳೇ ಅವರಿಗೆ ಅಪರೂಪದ ನಿಖರತೆ ಕೊಟ್ಟವು. ಚೆಂಡನ್ನು ಎರಡೂ ಕಡೆ ತಿರುಗಿಸುವುದು, ಹಾರಾಟದಲ್ಲಿ ಸೂಕ್ಷ್ಮ ವ್ಯತ್ಯಾಸ, ದಣಿವಿಲ್ಲದೆ ದಿನವಿಡೀ ಒಂದೇ ಜಾಗಕ್ಕೆ ಹಾಕುವ ಶಕ್ತಿ ಇವನ್ನು ಕಂಡವರು ಮುಂದೆ ಅವರನ್ನು ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸ್ ಅವರೊಂದಿಗೆ ಹೋಲಿಸಿದರು.

ಪುಣೆಯ ಹಿಂದೂ ಕ್ಲಬ್ಬಿಗೆ ಯುರೋಪಿಯನ್ನರನ್ನು ಸೋಲಿಸಬೇಕಿತ್ತು, ಸೋಲಿಸಬಲ್ಲ ಬೌಲರ್ ಅದೇ ಊರಿನಲ್ಲಿದ್ದ. ಸೇರಿಸಿಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಬಾಲೂವನ್ನು ಕೈಬಿಟ್ಟರೆ ಹಿಂದೂಗಳು ಮೂರ್ಖರೇ ಸರಿ ಎಂಬ ಅರ್ಥದ ಮಾತನ್ನು ಎದುರಾಳಿಯಾದ ಗ್ರೆಗ್ ಅವರೇ ಹೇಳಿದರಂತೆ. ಕೊನೆಗೆ ಸೇರಿಸಿಕೊಂಡರು, ಆದರೆ ಕರಾರಿನ ಮೇಲೆ. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟುತ್ತಿದ್ದರು. ಚಹಾ ವಿರಾಮಕ್ಕೆ ಉಳಿದವರು ಪೆವಿಲಿಯನ್ ಒಳಗೆ ಹೋದರೆ ಬಾಲೂಗೆ ಹೊರಗಡೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ ಬರುತ್ತಿತ್ತು. ಊಟ ಬೇರೆ ತಟ್ಟೆಯಲ್ಲಿ, ಬೇರೆ ಜಾಗದಲ್ಲಿ. ಮುಖ ತೊಳೆಯಲು ನೀರು ಹಾಕುವುದಕ್ಕೂ ಅವರದೇ ಸಮುದಾಯಕ್ಕೆ ಸೇರಿದ ಆಳು ಬೇಕಿತ್ತು. ಒಂದೇ ತಂಡದ ಹನ್ನೊಂದು ಮಂದಿಯಲ್ಲಿ ಒಬ್ಬರು ಬೆವರಿಳಿಸಿ ವಿಕೆಟ್ ತೆಗೆದು ಬಂದು ಅಂಗಳದಲ್ಲಿ ನಿಂತು ಕುಡಿಕೆ ಹಿಡಿಯುವ ಈ ಏರ್ಪಾಟಿನಲ್ಲಿ ಮೈಲಿಗೆ ಎಲ್ಲಿ ಶುರುವಾಗುತ್ತದೆ ಎಂಬುದು ಸ್ಪಷ್ಟ. ಚೆಂಡಿಗೆ ಮೈಲಿಗೆಯಿಲ್ಲ, ಏಕೆಂದರೆ ಚೆಂಡು ಗೆಲುವು ತರುತ್ತದೆ. ಲೋಟಕ್ಕಿದೆ, ಏಕೆಂದರೆ ಲೋಟ ಸಮಾನತೆಯನ್ನು ಒಪ್ಪುತ್ತದೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಈ ಕೊಂಕನ್ನು ನೇರವಾಗಿ ಗುರುತಿಸಿದರು. ಬಾಲೂ ಜತೆ ಆಡಬಹುದಾದರೆ ಜತೆಯಲ್ಲಿ ಕೂತು ಉಣ್ಣಲೂಬಹುದು ಎಂಬುದು ಅವರು ಸಾರ್ವಜನಿಕವಾಗಿ ಹೇಳಿದ ಮಾತಿನ ತಾತ್ಪರ್ಯ. ಲೋಕಮಾನ್ಯ ತಿಲಕರು ಸಭೆಯೊಂದರಲ್ಲಿ ಬಾಲೂ ಅವರನ್ನು ಹೊಗಳಿದರು. ಆ ಕಾಲಕ್ಕೆ ಇವು ಸಣ್ಣ ನಡೆಗಳಲ್ಲ.

1896ರ ಸುಮಾರಿಗೆ ಪುಣೆಯಲ್ಲಿ ಪ್ಲೇಗು ಹಬ್ಬಿತು, ಬಾಲೂ ಮುಂಬಯಿಗೆ ಬಂದರು. ಅಲ್ಲಿ ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್‌ಖಾನಾ ಸೇರುವಾಗಲೂ ಆಕ್ಷೇಪಣೆ ಎದ್ದಿತು, ನಾಯಕ ಕೀರ್ತಿಕರ್ ಅವರ ಒತ್ತಾಯದಿಂದ ಬಾಗಿಲು ತೆರೆಯಿತು. ಬಾಂಬೆ, ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ನೌಕರಿ, ಅದರ ತಂಡದಲ್ಲಿ ಆಟ. ಆ ಕಾಲದ ಮುಂಬಯಿ ಕ್ರಿಕೆಟ್ ಸಮುದಾಯಗಳ ಹೆಸರಿನಲ್ಲಿ ನಡೆಯುತ್ತಿತ್ತು. ಪಾರ್ಸಿಗಳಿಗೂ ಯುರೋಪಿಯನ್ನರಿಗೂ ಪಂದ್ಯ 1892ರಿಂದ. 1907ರಲ್ಲಿ ಹಿಂದೂಗಳು ಸೇರಿ ತ್ರಿಕೋನ, 1912ರಲ್ಲಿ ಮುಸ್ಲಿಮರು ಸೇರಿ ಚತುಷ್ಕೋನ ಪಂದ್ಯಾವಳಿ. ಇದಕ್ಕೆಲ್ಲ ಪೀಠಿಕೆಯಾದದ್ದು 1906ರ ಫೆಬ್ರವರಿಯಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ನಡೆದ ಪಂದ್ಯ. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಹಿಂದೂಗಳಿಗೆ 109 ರನ್ನಿನ ಜಯ. ಬಾಲೂ ಎಂಟು ವಿಕೆಟ್ ಉರುಳಿಸಿದರು, ತಮ್ಮ ಶಿವರಾಂ ಕೂಡ ತಂಡದಲ್ಲಿದ್ದರು. ಸ್ವದೇಶಿ ಚಳವಳಿಯ ಬಿಸಿಯಲ್ಲಿದ್ದ ದೇಶಕ್ಕೆ ಈ ಗೆಲುವು ಆಟಕ್ಕಿಂತ ದೊಡ್ಡದಾಗಿ ಕಂಡಿತು. 'ಇಂಡಿಯನ್ ಸೋಶಿಯಲ್ ರಿಫಾರ್ಮರ್' ಪತ್ರಿಕೆ ಇನ್ನೂ ಒಳಗೆ ಹೋಗಿ, ಈ ಸಹೋದರರನ್ನು ಜಿಮ್‌ಖಾನಾದೊಳಗೆ ಸೇರಿಸಿಕೊಂಡದ್ದು ಜನರ ಮನಸ್ಸನ್ನು ತೆರೆದಷ್ಟು ಬೇರೆ ಪ್ರಯತ್ನಗಳು ತೆರೆದಿಲ್ಲ ಎಂಬ ಅಭಿಪ್ರಾಯಕ್ಕೆ ಬಂತು. ಪುಣೆಯಲ್ಲಿ ಹೊರಗಿದ್ದ ಚಹಾ ಮುಂಬಯಿಯಲ್ಲಿ ಒಳಗೆ ಬಂದಿತ್ತು. ಜಿಮ್‌ಖಾನಾದ ಊಟದ ಮನೆಯಲ್ಲಿ ಅಣ್ಣತಮ್ಮಂದಿರು ಉಳಿದವರ ಜತೆ ಕೂರುತ್ತಿದ್ದರು. ಈ ಬದಲಾವಣೆಯನ್ನು ಕಡಿಮೆ ಮಾಡಿ ಹೇಳುವುದು ತಪ್ಪು. ಆದರೆ ಇದನ್ನೇ ಕೊನೆಯ ಪುಟ ಎಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನೇತೃತ್ವದಲ್ಲಿ ಭಾರತದ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಪಾರ್ಸಿ, ಹಿಂದೂ, ಮುಸ್ಲಿಂ ಆಟಗಾರರಿದ್ದ ಆ ತಂಡದಲ್ಲಿ ಬೆಂಗಳೂರಿನ ಬಿ. ಜಯರಾಂ ಅವರೂ ಇದ್ದರು. ಮೊದಲ ದರ್ಜೆಯ 14 ಪಂದ್ಯಗಳಲ್ಲಿ ತಂಡ 10 ಸೋತಿತು, ಎರಡು ಗೆದ್ದಿತು. ಸೋಲುವ ತಂಡದ ಬೌಲರನಿಗೆ ಎರಡನೇ ಇನಿಂಗ್ಸಿನ ಅವಕಾಶ ಕಡಿಮೆ, ಕ್ಯಾಚ್ ಹಿಡಿಯುವ ಕೈಗಳೂ ಕಡಿಮೆ. ಆ ಪರಿಸ್ಥಿತಿಯಲ್ಲಿ ಭುಜದ ನೋವು ಹೊತ್ತುಕೊಂಡೇ 35ರ ಆಸುಪಾಸಿನ ಬಾಲೂ ಮೊದಲ ದರ್ಜೆಯಲ್ಲಿ 20.12ರ ಸರಾಸರಿಗೆ 75 ವಿಕೆಟ್ ಪಡೆದರು. ಎಲ್ಲ ಪಂದ್ಯ ಸೇರಿಸಿದರೆ 114. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು 103 ರನ್ನಿಗೆ 8 ವಿಕೆಟ್ ಕಿತ್ತದ್ದು ಅವರ ಅತ್ಯುತ್ತಮ ಸಾಧನೆಯಾಗಿಯೇ ಉಳಿಯಿತು. ಲೆಸ್ಟರ್‌ಶೈರ್, ಸಾಮರ್ಸೆಟ್ ಕೌಂಟಿಗಳನ್ನು ಭಾರತೀಯರು ಸೋಲಿಸಿದ್ದು ಆ ಬೇಸಿಗೆಯ ಎರಡು ಗೆಲುವುಗಳು.

ಇಲ್ಲಿ ಅಂಕಿಗಳ ಬಗ್ಗೆ ಒಂದು ಮಾತು ಬೇಕು. ಒಟ್ಟು 179 ವಿಕೆಟ್‌ಗಳಲ್ಲಿ 75 ಒಂದೇ ಬೇಸಿಗೆಯವು. ಉಳಿದ 104 ವಿಕೆಟ್ ಭಾರತದಲ್ಲಿ, 1905–06ರಿಂದ 1920–21ರವರೆಗೆ ಹರಡಿದ ಬೆರಳೆಣಿಕೆಯ ಪಂದ್ಯಗಳಲ್ಲಿ ಬಂದವು. ಲೆಕ್ಕ ಹಾಕಿದರೆ ಅವುಗಳ ಸರಾಸರಿ 12ಕ್ಕಿಂತಲೂ ಕಡಿಮೆ. ಅಧಿಕೃತ ದಾಖಲೆ ಶುರುವಾಗುವಾಗ ಬಾಲೂಗೆ 30ರ ಹತ್ತಿರ ವಯಸ್ಸು. ಪುಣೆಯ ದಿನಗಳು, ಜಿಮ್‌ಖಾನಾದ ಆರಂಭದ ವರ್ಷಗಳು, ರೈಲ್ವೆ ತಂಡದ ಪಂದ್ಯಗಳು ಯಾವುವೂ ಲೆಕ್ಕಕ್ಕಿಲ್ಲ. ಸ್ಪಿನ್ನರ್ ಒಬ್ಬನ ಬೆರಳು ಅತ್ಯಂತ ಚುರುಕಾಗಿರುವ ಹತ್ತು ವರ್ಷಗಳೇ ಕಾಣೆಯಾಗಿವೆ. ಅಮೆರಿಕದ ಬೇಸ್‌ಬಾಲ್ ಇಂಥದೇ ಪ್ರಶ್ನೆಯನ್ನು ಈಚೆಗೆ ಎದುರಿಸಿತು. ಕರಿಯ ಆಟಗಾರರನ್ನು ಹೊರಗಿಟ್ಟ ಕಾರಣಕ್ಕೆ ಹುಟ್ಟಿದ ನೀಗ್ರೋ ಲೀಗುಗಳ 1920ರಿಂದ 1948ರವರೆಗಿನ ಪಂದ್ಯಗಳನ್ನು ಅಲ್ಲಿನ ಮೇಜರ್ ಲೀಗ್ 2020ರ ಡಿಸೆಂಬರಿನಲ್ಲಿ ಸಮಾನ ದರ್ಜೆಯವೆಂದು ಒಪ್ಪಿತು. 2024ರಲ್ಲಿ ಅಂಕಿಅಂಶಗಳು ಸೇರಿದಾಗ ಜಾಶ್ ಗಿಬ್ಸನ್ .372ರ ಬ್ಯಾಟಿಂಗ್ ಸರಾಸರಿಯೊಡನೆ ಟೈ ಕಾಬ್‌ರನ್ನು ದಾಟಿ ಮೊದಲ ಸ್ಥಾನಕ್ಕೆ ಬಂದರು. ಹಳೆಯ ಸ್ಕೋರುಪಟ್ಟಿಗಳನ್ನು ಹುಡುಕಿ ಜೋಡಿಸುವ ತಾಳ್ಮೆ ಅಲ್ಲಿನ ಸಂಶೋಧಕರಿಗಿತ್ತು. ಬಾಲೂ ಅವರ ಮೊದಲ ಹತ್ತು ವರ್ಷಗಳಿಗೂ ಅಂಥ ತಾಳ್ಮೆ ಸಲ್ಲಬೇಕು. ದಾಖಲೆ ಎಂಬುದು ಆಟಗಾರ ಮಾಡಿದ್ದೆಲ್ಲದರ ಲೆಕ್ಕವಲ್ಲ. ಬರೆದಿಡಲು ಯಾರಾದರೂ ಯೋಗ್ಯವೆಂದುಕೊಂಡದ್ದರ ಲೆಕ್ಕ.

ಈಗ ನಾಯಕತ್ವದ ವಿಷಯ. ಇಂಗ್ಲೆಂಡಿನಿಂದ ಬಂದ ಬಾಲೂಗೆ ಮುಂಬಯಿಯ ದಲಿತ ಸಮುದಾಯಗಳು ಸನ್ಮಾನ ಮಾಡಿದವು. ಅವರನ್ನು ಮೆಚ್ಚಿ ನೋಡುತ್ತಿದ್ದ ತರುಣರಲ್ಲಿ ಭೀಮರಾವ್ ಅಂಬೇಡ್ಕರ್ ಕೂಡ ಒಬ್ಬರು. ದೇಶದ ಅತ್ಯುತ್ತಮ ಬೌಲರ್, ತಂಡದ ಹಿರಿಯ, ಪರದೇಶದ ಅನುಭವ ಇರುವವರು: ಈ ಮೂರೂ ಇದ್ದರೂ ಚತುಷ್ಕೋನ ಪಂದ್ಯಾವಳಿಯಲ್ಲಿ ಹಿಂದೂ ತಂಡದ ನಾಯಕತ್ವ ವರ್ಷ ವರ್ಷವೂ ಬೇರೆಯವರ ಪಾಲಾಯಿತು. ಎಂ.ಡಿ. ಪೈ 1913ರಲ್ಲಿ ನಾಯಕರಾದರು. ಹೊನ್ನಾವರ, ಕುಮಟಾ, ಭಟ್ಕಳದ ಓದುಗರಿಗೆ ಚಿರಪರಿಚಿತವಾದ ಗೌಡ ಸಾರಸ್ವತ ಸಮಾಜದವರು ಅವರು. ತಮಗೆ ಏರ್ಪಡಿಸಿದ ಸನ್ಮಾನ ಸಭೆಯಲ್ಲಿಯೇ ಪೈ ಎದ್ದು ನಿಂತು, ಈ ಗೌರವ ಹಿರಿಯರಾದ ಬಾಲೂಗೆ ಸಲ್ಲಬೇಕಿತ್ತು ಎಂದರು. ಈ ಒಂದು ಸಾಕ್ಷ್ಯ ನೂರು ಊಹೆಗಳಿಗೆ ಸಮ. ಲಾಭ ಪಡೆದವರೇ, ತಮ್ಮವರ ಮುಂದೆಯೇ, ಇದು ನನ್ನದಲ್ಲ ಎಂದ ಮೇಲೆ, ಅರ್ಹತೆಯ ಬಗ್ಗೆ ಅನುಮಾನವಿತ್ತು ಎಂದು ನೂರು ವರ್ಷಗಳ ನಂತರ ನಾವು ವಾದ ಹೂಡುವುದರಲ್ಲಿ ಅರ್ಥವಿಲ್ಲ. ಪೈ ಅವರ ಈ ನಡೆಗೆ ಕ್ರೀಡಾ ಇತಿಹಾಸದಲ್ಲಿ ಸಿಕ್ಕ ಮನ್ನಣೆ ಕಡಿಮೆಯೆಂದೇ ಹೇಳಬೇಕು.

1920ರಲ್ಲಿ ಒಳಗೆ ಕುದಿಯುತ್ತಿದ್ದದ್ದು ಹೊರಗೆ ಬಂತು. ಪಂದ್ಯಾವಳಿಯ ಮೊದಲ ಪಂದ್ಯಕ್ಕೆ 44ರ ಬಾಲೂವನ್ನು ಕೈಬಿಟ್ಟಿದ್ದರು. ಪೈ ಲಭ್ಯರಿರಲಿಲ್ಲ. ನಾಯಕತ್ವಕ್ಕೆ ಹಕ್ಕುದಾರರೆಂದರೆ ಆ ಹೊತ್ತಿಗೆ ತಂಡದ ಮುಖ್ಯ ಬ್ಯಾಟ್ಸ್‌ಮನ್ ಆಗಿದ್ದ ವಿಠಲ್. ಆಯ್ಕೆ ಸಮಿತಿ ಹೆಸರಿಸಿದ್ದು ಪುಣೆಯ ಸಂಸ್ಕೃತ ಪ್ರಾಧ್ಯಾಪಕ ಡಿ.ಬಿ. ದೇವಧರ್ ಅವರನ್ನು. ದೇವಧರ್ ದೊಡ್ಡ ಆಟಗಾರರೇ. ಪ್ರಶ್ನೆ ಅವರ ಆಟದ್ದಲ್ಲ, ಸರದಿಯದು. ವಿಠಲ್ ಮತ್ತು ಶಿವರಾಂ ಆಡುವುದಿಲ್ಲವೆಂದು ಹೊರಬಂದರು. ಜಾತಿಯ ಕಾರಣಕ್ಕೆ ಆದ ಅವಮಾನವನ್ನು ಸಹಿಸಲಾರೆವು ಎಂದು ಬಹಿರಂಗ ಹೇಳಿಕೆ ಕೊಟ್ಟರು. ಗಾಂಧೀಜಿಯವರ ಅಸಹಕಾರ ಚಳವಳಿ ಅಸ್ಪೃಶ್ಯತೆಯ ಪ್ರಶ್ನೆಯನ್ನು ಬೀದಿಗೆ ತಂದಿದ್ದ ವರ್ಷ ಅದು. ಸಾರ್ವಜನಿಕ ಅಭಿಪ್ರಾಯ ಅಣ್ಣತಮ್ಮಂದಿರ ಕಡೆ ವಾಲಿತು. ರಾಜಿಯಾಯಿತು. ಮುಂದಿನ ಪಂದ್ಯಕ್ಕೆ ಪೈ ನಾಯಕ, ಬಾಲೂ ಉಪನಾಯಕ, ತಮ್ಮಂದಿರಿಗೂ ಮರಳಿ ಸ್ಥಾನ. ಆ ಪಂದ್ಯದ ನಡುವೆ ಪೈ ಮೈದಾನದಿಂದ ಹೊರಗುಳಿದು ತಂಡ ನಡೆಸುವ ಹೊಣೆಯನ್ನು ಬಾಲೂ ಕೈಗಿಟ್ಟರು. ಹಿಂದೂ ತಂಡವನ್ನು ಬಾಲೂ ಮುನ್ನಡೆಸಿದ್ದು ಎಂದರೆ ಇಷ್ಟೇ. ಅದು ಸಮಿತಿ ಕೊಟ್ಟದ್ದಲ್ಲ, ಒಬ್ಬ ಸಹ ಆಟಗಾರ ಬಿಟ್ಟುಕೊಟ್ಟದ್ದು.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಹೀಗಿರುತ್ತದೆ: ಆ ಕಾಲದಲ್ಲಿ ನಾಯಕತ್ವ ಎಲ್ಲೆಡೆಯೂ ಓದಿದ, ಅನುಕೂಲಸ್ಥ ಮನೆತನದವರಿಗೆ ಮೀಸಲಾಗಿತ್ತು, ಅದನ್ನು ಜಾತಿ ಎಂದೇಕೆ ಕರೆಯಬೇಕು? ಮಾತಿನಲ್ಲಿ ಹುರುಳಿದೆ. ಇಂಗ್ಲೆಂಡಿನಲ್ಲಿ ಹಣಕ್ಕಾಗಿ ಆಡುವವರಿಗೂ ಹವ್ಯಾಸಿಗಳಿಗೂ ಡ್ರೆಸಿಂಗ್ ರೂಮ್ ಬೇರೆ, ಮೈದಾನಕ್ಕಿಳಿಯುವ ಗೇಟೂ ಬೇರೆ ಇರುತ್ತಿತ್ತು. ಲೆನ್ ಹಟನ್ ಎಂಬ ವೃತ್ತಿಪರ ಆಟಗಾರ ಇಂಗ್ಲೆಂಡಿನ ನಾಯಕರಾಗಲು 1952ರವರೆಗೆ ಕಾಯಬೇಕಾಯಿತು. 1911ರ ಪ್ರವಾಸದ ನಾಯಕ ಮಹಾರಾಜರೇ ಹೊರತು ಆಟದಲ್ಲಿ ಎಲ್ಲರಿಗಿಂತ ಮುಂದಿದ್ದವರಲ್ಲ. ಆದರೆ ಬರೀ ಓದು, ಅಂತಸ್ತುಗಳೇ ಅಡ್ಡಿಯಾಗಿದ್ದರೆ ಅಡ್ಡಿ ಎಲ್ಲ ಕಡೆ ಒಂದೇ ಬಗೆಯಾಗಿರಬೇಕಿತ್ತು. ಇಂಗ್ಲೆಂಡಿನ ವೃತ್ತಿಪರನಿಗೆ ಗೇಟು ಬೇರೆಯಿತ್ತು, ಮುಟ್ಟಿದ ಲೋಟ ಒಡೆಯುತ್ತಿರಲಿಲ್ಲ. ಅವನ ಮಗ ಓದಿ ಅನುಕೂಲಸ್ಥನಾದರೆ ಹವ್ಯಾಸಿಯ ಗೇಟಿನಿಂದಲೇ ಇಳಿಯಬಹುದಿತ್ತು. ಇಲ್ಲಿ ಅಣ್ಣನಿಗೆ ತಪ್ಪಿದ್ದೇ, ಬೇರೆ ತಲೆಮಾರಿನ ಆಟಗಾರನಂತಿದ್ದ ತಮ್ಮನಿಗೂ ತಪ್ಪಿತು. ಅಡ್ಡಿ ವ್ಯಕ್ತಿಯ ಸ್ಥಿತಿಯ ಮೇಲಲ್ಲ, ಹುಟ್ಟಿನ ಮೇಲಿತ್ತು ಎಂಬುದಕ್ಕೆ ವಿಠಲ್ ಪ್ರಕರಣವೇ ನೇರ ಪುರಾವೆ. ಬಾಲೂಗೆ ವಯಸ್ಸಾಗಿತ್ತು ಎಂಬ ವಾದವೂ ಇಲ್ಲಿಯೇ ಬಿದ್ದುಹೋಗುತ್ತದೆ. ನಲವತ್ತು ದಾಟುವ ಮೊದಲೂ ಅವರನ್ನು ನೇಮಿಸಿರಲಿಲ್ಲ, ಅವರಿಗಿಂತ ಎಷ್ಟೋ ಚಿಕ್ಕವರಾದ ವಿಠಲ್‌ರನ್ನೂ ನೇಮಿಸಲಿಲ್ಲ.

ಬೇಸ್‌ಬಾಲ್ ಜತೆಗಿನ ಹೋಲಿಕೆ ಇಲ್ಲಿ ಇನ್ನಷ್ಟು ಬೆಳಕು ಕೊಡುತ್ತದೆ. ಮುಂಬಯಿಯಲ್ಲಿ ವಿಠಲ್, ಶಿವರಾಂ ತಂಡ ಬಿಟ್ಟು ಹೊರಬಂದ ಅದೇ 1920ರಲ್ಲಿ ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ರೂಬ್ ಫಾಸ್ಟರ್ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದರು. ಆ ಊರಿನ ಮೊನಾರ್ಕ್ಸ್ ತಂಡದಲ್ಲಿ 1945ರಲ್ಲಿ ಆಡಿದ ಜಾಕಿ ರಾಬಿನ್ಸನ್ ಎಂಬ ಇನ್‌ಫೀಲ್ಡರ್ 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಇಳಿದಾಗ ವರ್ಣದ ಗೋಡೆ ಬಿತ್ತೆಂದು ಜಗತ್ತು ಸಂಭ್ರಮಿಸಿತು. ಮೇಜರ್ ಲೀಗ್ ತಂಡವೊಂದನ್ನು ನಡೆಸುವ ಅಧಿಕಾರ ಕರಿಯ ಮ್ಯಾನೇಜರ್ ಒಬ್ಬರಿಗೆ ಸಿಕ್ಕಿದ್ದು 1975ರಲ್ಲಿ, ಕ್ಲೀವ್‌ಲ್ಯಾಂಡಿನಲ್ಲಿ, ಫ್ರಾಂಕ್ ರಾಬಿನ್ಸನ್ ಅವರಿಗೆ. ನಡುವೆ 28 ವರ್ಷ. ಜಾಕಿ ರಾಬಿನ್ಸನ್ 1972ರ ಅಕ್ಟೋಬರಿನಲ್ಲಿ, ಸಾಯುವುದಕ್ಕೆ ಒಂಬತ್ತು ದಿನ ಮೊದಲು, ಗೌರವ ಸ್ವೀಕರಿಸಿ ಆಡಿದ ಮಾತಿನಲ್ಲಿ ಇದನ್ನೇ ಎತ್ತಿದ್ದರು. ತಂಡ ನಡೆಸುವ ಜಾಗದಲ್ಲಿ ಕರಿಯ ಮುಖವೊಂದನ್ನು ಕಾಣುವ ಆಸೆ ಅವರಿಗೆ ಈಡೇರಲಿಲ್ಲ. ಮೊನಾರ್ಕ್ಸ್ ತಂಡದ ಇನ್ನೊಬ್ಬ ಇನ್‌ಫೀಲ್ಡರ್, ಮೊದಲ ಬೇಸಿನ ಬಕ್ ಒನೀಲ್, ನೀಗ್ರೋ ಲೀಗಿನಲ್ಲಿ ತಂಡ ನಡೆಸಿ ಗೆದ್ದವರು. 1962ರಲ್ಲಿ ಶಿಕಾಗೊ ಕಬ್ಸ್ ಅವರನ್ನು ಮೇಜರ್ ಲೀಗಿನ ಮೊದಲ ಕರಿಯ ಕೋಚ್ ಆಗಿ ತೆಗೆದುಕೊಂಡಿತು, ಮ್ಯಾನೇಜರ್ ಆಗಿ ಯಾರೂ ತೆಗೆದುಕೊಳ್ಳಲಿಲ್ಲ. ಬೇಸ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಅವರು ಸೇರಿದ್ದು ತೀರಿಕೊಂಡು ಎಷ್ಟೋ ವರ್ಷಗಳ ನಂತರ, 2022ರಲ್ಲಿ. ಸಾಗರಗಳಾಚೆಯ ಬೇರೊಂದು ಆಟದಲ್ಲಿಯೂ ಕ್ರಮ ಅದೇ: ಮೊದಲು ಕೌಶಲಕ್ಕೆ ಒಪ್ಪಿಗೆ, ಕಟ್ಟಕಡೆಗೆ ಅಧಿಕಾರಕ್ಕೆ.

ಜಾತಿ ಬೇರೆ, ವರ್ಣ ಬೇರೆ, ಈ ಹೋಲಿಕೆ ಎಳೆದು ತಂದದ್ದು ಎನ್ನುವವರಿದ್ದಾರೆ. ವ್ಯತ್ಯಾಸಗಳು ಇವೆ, ಅವುಗಳಲ್ಲಿ ಒಂದು ಬಹಳ ದೊಡ್ಡದು. ಹೊರಗಿಡಲ್ಪಟ್ಟ ಕರಿಯರು ತಮ್ಮದೇ ಲೀಗ್ ಕಟ್ಟಿಕೊಂಡರು. ಅಲ್ಲಿ ಮಾಲೀಕರು, ಮ್ಯಾನೇಜರುಗಳು, ಅಂಪೈರುಗಳು ಅವರವರೇ ಆಗಲು ಸಾಧ್ಯವಿತ್ತು; ಒನೀಲ್ ತಂಡ ನಡೆಸುವುದನ್ನು ಕಲಿತದ್ದು ಅಲ್ಲಿ. ಮುಂಬಯಿಯ ಪಂದ್ಯಾವಳಿಯಲ್ಲಿ ದಲಿತರ ತಂಡ ಎಂಬುದೊಂದು ಇರಲಿಲ್ಲ. ಸಂಖ್ಯೆಯ ಲೆಕ್ಕಕ್ಕೂ ಗೆಲುವಿನ ಲೆಕ್ಕಕ್ಕೂ ಅವರು ಹಿಂದೂಗಳು. ಹಿಂದೂ ತಂಡದೊಳಗೆ ಮಾತ್ರ ಬೇರೆ. ಹೊರಗೆ ತಮ್ಮದೆಂಬುದಿಲ್ಲ, ಒಳಗೆ ಪೂರ್ತಿ ಜಾಗವಿಲ್ಲ ಎಂಬ ಈ ಸ್ಥಿತಿ ಬಾಲೂ ಕೈಯಲ್ಲಿ ಒಂದೇ ಒಂದು ಅಸ್ತ್ರ ಉಳಿಸಿತ್ತು, ತನ್ನ ಬೌಲಿಂಗ್ ಬೇಕೆಂದರೆ ತನ್ನನ್ನು ಕರೆಯಲೇಬೇಕು ಎಂಬುದು. 1920ರಲ್ಲಿ ತಮ್ಮಂದಿರು ಹೊರನಡೆದದ್ದು ಆ ಅಸ್ತ್ರದ ಬಳಕೆ. ಹೋಲಿಕೆ ನಿಲ್ಲುವುದು ಬಹಿಷ್ಕಾರದ ಕಾರಣದಲ್ಲಲ್ಲ, ಅದು ಸಡಿಲಗೊಳ್ಳುವ ಕ್ರಮದಲ್ಲಿ.

ಇನ್ನೊಂದು ವಾದ ಹೆಚ್ಚು ಜನಪ್ರಿಯ: ಆಟದ ಸ್ಪರ್ಧೆಯೇ ಜಾತಿಯನ್ನು ಕರಗಿಸಿತು, ಗೆಲ್ಲಬೇಕಾದವರು ಭೇದ ಮಾಡುವಂತಿಲ್ಲ ಎಂಬುದು. 1893ರ ಕಾಲದಲ್ಲಿ ನಡೆಯುವ 'ಲಗಾನ್' ಚಿತ್ರದ ಕಚರಾ ಪಾತ್ರ ಇದನ್ನು ಮನಮುಟ್ಟುವಂತೆ ತೋರಿಸುತ್ತದೆ: ನಾಯಕನ ಒಂದು ಭಾಷಣ, ಊರಿನವರ ತಲೆತಗ್ಗಿಸುವಿಕೆ, ಸ್ಪಿನ್ನರ್ ತಂಡದೊಳಗೆ. ಬಾಲೂ ಅವರ ನಿಜ ಜೀವನದಲ್ಲಿ ಆ ಭಾಷಣವನ್ನು ಕ್ಲಬ್ಬಿಂದ ಕ್ಲಬ್ಬಿಗೆ, ಊರಿಂದ ಊರಿಗೆ, ಇಪ್ಪತ್ತೈದು ವರ್ಷ ಮತ್ತೆ ಮತ್ತೆ ಮಾಡಬೇಕಾಯಿತು. ಸ್ಪರ್ಧೆ ಕರಗಿಸಿದ್ದು ಸ್ಪರ್ಧೆಗೆ ಬೇಕಾದಷ್ಟನ್ನೇ. ಬೌಲರ್ ಬೇಕಾಗಿದ್ದ, ಸಿಕ್ಕಿದ. ನಾಯಕ ಯಾರಾದರೂ ಪಂದ್ಯ ನಡೆಯುತ್ತಿತ್ತು, ಹಾಗಾಗಿ ಅಲ್ಲಿ ಹಳೆಯ ಪದ್ಧತಿ ಉಳಿಯಿತು. ಅದು ಬದಲಾದದ್ದು ಸ್ಪರ್ಧೆಯಿಂದಲ್ಲ. ಪೈ ಅವರ ಸಾರ್ವಜನಿಕ ಮಾತು, ಇಬ್ಬರು ತಮ್ಮಂದಿರ ಪ್ರತಿಭಟನೆ, ಪತ್ರಿಕೆಗಳ ಒತ್ತಡ, ಕಾಲದ ರಾಜಕೀಯ ಇವೆಲ್ಲ ಕೂಡಿ 1923ರಲ್ಲಿ ವಿಠಲ್ ಅವರನ್ನು ಹಿಂದೂ ತಂಡದ ನಾಯಕರನ್ನಾಗಿ ಮಾಡಿದವು. ಆ ವರ್ಷ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿ ಚತುಷ್ಕೋನ ಗೆದ್ದರು. ಮೇಲ್ಜಾತಿಯ ಅಭಿಮಾನಿಗಳು ವಿಠಲ್ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ವಿಠಲ್ 1948ರಲ್ಲಿ ಮರಾಠಿಯಲ್ಲಿ ತಮ್ಮ ಕ್ರೀಡಾಜೀವನದ ಕಥೆ ಬರೆದರು. ಅಣ್ಣತಮ್ಮಂದಿರು ಕಂಡುಂಡದ್ದರ ಬಗ್ಗೆ ಒಳಗಿನವರ ದನಿಯಲ್ಲಿ ನಮಗೆ ಉಳಿದಿರುವ ಆಧಾರ ಅದು. ಇತಿಹಾಸಕಾರ ರಾಮಚಂದ್ರ ಗುಹಾ ಬಾಲೂ ಕಥೆಯನ್ನು ಮತ್ತೆ ಕಟ್ಟಿದ ಮೇಲೆ ದೇಶದ ಬಹುಪಾಲು ಓದುಗರಿಗೆ ಈ ಹೆಸರು ತಿಳಿಯಿತು.

ಆಟ ಮುಗಿದ ಮೇಲಿನ ಬಾಲೂ ಅವರ ರಾಜಕೀಯವನ್ನು ಅನೇಕರು ಮುಜುಗರದಿಂದ ದಾಟಿಹೋಗುತ್ತಾರೆ, ಹಾಗೆ ದಾಟಬೇಕಾಗಿಲ್ಲ. 1932ರಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ಅಂಬೇಡ್ಕರ್ ವಾದಿಸಿದಾಗ ಬಾಲೂ ಇನ್ನೊಬ್ಬ ದಲಿತ ಮುಖಂಡ ಎಂ.ಸಿ. ರಾಜಾ ಅವರಂತೆ ಜಂಟಿ ಮತಕ್ಷೇತ್ರದ ಕಡೆ ನಿಂತರು. ಆ ಸೆಪ್ಟೆಂಬರ್ 24ರಂದು ಆದ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅಂಬೇಡ್ಕರ್ ಹೆಸರೂ ಇದೆ, ಪಿ. ಬಾಲೂ ಹೆಸರೂ ಇದೆ. 1937ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಬಾಲೂ ಅವರನ್ನು ಅಂಬೇಡ್ಕರ್ ಎದುರು ನಿಲ್ಲಿಸಿತು. ಅಂಬೇಡ್ಕರ್‌ಗೆ 13,245, ಬಾಲೂಗೆ 11,225 ಮತ. ತನ್ನನ್ನು ನಾಯಕನನ್ನಾಗಿ ಮಾಡದ ಸಮಾಜದ ಪರವಾಗಿಯೇ ಬಾಲೂ ನಿಂತರಲ್ಲ, ಹಾಗಾದರೆ ಅವರಿಗೇ ಇಲ್ಲದ ದೂರನ್ನು ಈ ಲೇಖನ ಹೇರುತ್ತಿದೆಯೇ ಎಂದು ಕೇಳಬಹುದು. ದೂರು ಇರಲಿಲ್ಲ ಎನ್ನುವುದಕ್ಕೆ 1920ರ ಘಟನೆಯೇ ಅಡ್ಡ ಬರುತ್ತದೆ. ಒಂದೇ ತಂಡದೊಳಗೆ ಉಳಿದು, ತನ್ನ ಕೆಲಸದಿಂದ ಒಪ್ಪಿಗೆ ಗಳಿಸುತ್ತಾ ಹೋದ ಮನುಷ್ಯ ರಾಜಕೀಯದಲ್ಲಿಯೂ ಅದೇ ದಾರಿಯನ್ನು ನಂಬಿದ್ದು ಸಹಜ. ಪುಣೆಯ ಕುಡಿಕೆಯಿಂದ ಮುಂಬಯಿಯ ಊಟದ ಮೇಜಿನವರೆಗೆ ಆ ದಾರಿ ಅವರನ್ನು ಕರೆತಂದಿತ್ತು. ಅದು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಅವರಿಗೂ ಅಂಬೇಡ್ಕರರಿಗೂ ಭಿನ್ನಾಭಿಪ್ರಾಯವಿತ್ತು. ಬಾಲೂ ಅವರದೇ ಕ್ರಿಕೆಟ್ ಜೀವನ ಒದಗಿಸುವ ಪುರಾವೆ ಅಂಬೇಡ್ಕರ್ ಕಡೆಗೇ ಹೆಚ್ಚು ವಾಲುತ್ತದೆ ಎಂಬುದು ಈ ಲೇಖಕರ ಅಭಿಪ್ರಾಯ: ಮೇಜಿನವರೆಗೆ ಮನಃಪರಿವರ್ತನೆ ಸಾಕಾಯಿತು, ನಾಯಕತ್ವಕ್ಕೆ ಬಹಿರಂಗ ಪ್ರತಿಭಟನೆ ಬೇಕಾಯಿತು.

ಸಮುದಾಯಗಳ ಹೆಸರಿನ ಆ ಪಂದ್ಯಾವಳಿ 1937ರಲ್ಲಿ ಪಂಚಕೋನವಾಗಿ ಬೆಳೆದು, ಕೋಮುಭಾವನೆ ಬೆಳೆಸುತ್ತದೆಂಬ ಟೀಕೆಗೆ ಗುರಿಯಾಗಿ, 1946ರಲ್ಲಿ ನಿಂತುಹೋಯಿತು. ಬಾಲೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಕರ್ನಾಟಕದ ಕ್ರಿಕೆಟ್ಟಿನ ಇತಿಹಾಸ ಬರೆಯುವವರು ಇನ್ನು ಮುಂದೆ ಧಾರವಾಡದಲ್ಲಿ ಹುಟ್ಟಿದ ಈ ಬೌಲರನಿಂದಲೇ ಮೊದಲ ಅಧ್ಯಾಯ ಶುರುಮಾಡಲಿ. 179 ವಿಕೆಟ್‌ಗಳ ಪಕ್ಕದಲ್ಲಿ, ಹಿಂದೂ ತಂಡದ ನಾಯಕರಾಗಿ ಸಮಿತಿ ಅವರನ್ನು ಒಮ್ಮೆಯೂ ನೇಮಿಸಲಿಲ್ಲ ಎಂಬುದನ್ನೂ ಬರೆಯಲಿ.